ನೆಲವೇ ಡೊಂಕಾಗಿದ್ದರೆ?
(ಬಾನುಲಿ ಭಾಷಣ)

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಸೋತವನು ತನ್ನ ಸೋಲಿನ ಹೊಣೆಯನ್ನು ಉಪಕರಣದ ಮೇಲೆ ಹೊರಿಸಿದಾಗಲೆಲ್ಲ ಸುತ್ತಲಿನವರು ಈ ಗಾದೆಯಿಂದ ಅವನ ಬಾಯಿ ಮುಚ್ಚಿಸುತ್ತಾರೆ. ಆದರೆ ಹೀಗೆ ಗಾದೆ ಆಡಿದವರಲ್ಲಿ ಯಾರೊಬ್ಬರೂ ನೆಲವನ್ನು ಅಳೆದು ನೋಡಿದ್ದನ್ನು ನಾನು ಕಂಡಿಲ್ಲ. ಕೆಲವೊಮ್ಮೆ ನೆಲವು ನಿಜವಾಗಿಯೂ ಡೊಂಕಾಗಿರುತ್ತದೆ. ಆಗ ಏನು ಮಾಡಬೇಕು? ಕುಣಿಯುವವಳೇ ಸೆರಗು ಸಿಕ್ಕಿಸಿ ಗುದ್ದಲಿ ಹಿಡಿಯಬೇಕೆ, ಅಥವಾ ರಂಗಸ್ಥಳವನ್ನು ಕಟ್ಟಿ ಕೂಲಿ ಪಡೆದವನು ಬಂದು ಸಮಮಾಡಿಕೊಡಬೇಕೆ? ಈ ಪ್ರಶ್ನೆಯನ್ನು ಕ್ಯಾಮರಾದ ಕಣ್ಣಾದ ಮಸೂರದ ಚರಿತ್ರೆಯ ಮೂಲಕ ಕೇಳಿನೋಡುವುದು ನನ್ನ ಇಂದಿನ ಉದ್ದೇಶ. ಕೊಂಡುತಂದ ಹೊಸ ಮಸೂರವು ತಾನಾಗಿಯೇ ಸರಿಯಾದ ಜಾಗದಲ್ಲಿ ಬಿಂಬವನ್ನು ಮೂಡಿಸಬೇಕೆ, ಇಲ್ಲವೆ ಅದನ್ನು ಹದಕ್ಕೆ ತಂದುಕೊಳ್ಳುವ ಕೆಲಸ ಕೊಂಡವನದೆ? ಸಣ್ಣ ಪ್ರಶ್ನೆಯೆಂದು ತೋರಬಹುದು. ನನಗೂ ಒಂದು ಕಾಲಕ್ಕೆ ಹಾಗೆಯೇ ತೋರಿತ್ತು.

2011ರಲ್ಲಿ ನನ್ನ ತಾಯಿಗೆ ಎಂಬತ್ತು ತುಂಬಿತು. ಆ ದಿನಕ್ಕೆಂದೇ ನಾನು ಭಾವಚಿತ್ರಗಳಿಗೆ ಹೇಳಿಮಾಡಿಸಿದಂಥ ಒಂದು ಹೊಸ ಮಸೂರವನ್ನು ಕೊಂಡಿದ್ದೆ. ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದ ಅಮ್ಮನ ಕಣ್ಣಿನ ಮೇಲೆ ಗುರಿಯಿಟ್ಟು, ಕ್ಯಾಮರಾ ತನ್ನ ಒಪ್ಪಿಗೆಯ ಸದ್ದು ಮಾಡಿದ ಮೇಲೆಯೇ ಗುಂಡಿಯೊತ್ತಿ, ಹತ್ತಾರು ಚಿತ್ರಗಳನ್ನು ತೆಗೆದೆ. ಸಂಜೆ ದೊಡ್ಡದು ಮಾಡಿ ನೋಡಿದಾಗ ಎದೆ ಧಸಕ್ಕೆಂದಿತು. ಕಿವಿಯ ಮುಂದಿನ ನರೆಗೂದಲು ಒಂದೊಂದಾಗಿ ಎಣಿಸುವಷ್ಟು ನಿಚ್ಚಳವಾಗಿತ್ತು. ಕಿವಿಯ ಓಲೆಯ ಕೆತ್ತನೆಯೂ ಕಾಣುತ್ತಿತ್ತು. ಕಣ್ಣು ಮಾತ್ರ ಮಂಜಿನಲ್ಲಿ ನೆನೆದಂತಿತ್ತು. ಎಲ್ಲ ಚಿತ್ರಗಳಲ್ಲಿಯೂ ಹಾಗೆಯೇ. ನನ್ನ ಕೈ ನಡುಗಿರಬೇಕು, ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆ. ಮನೆಯವರೂ ಗಾದೆಯನ್ನೇ ನೆನಪಿಸಿದರು. ಆರು ತಿಂಗಳಾಗುವಷ್ಟರಲ್ಲಿ ಅಮ್ಮ ತೀರಿಕೊಂಡರು. ಮತ್ತೊಮ್ಮೆ ತೆಗೆಯೋಣವೆಂದರೆ ಕೂರುವವರಿಲ್ಲ.

ಆಮೇಲೊಂದು ದಿನ ಆ ಮಸೂರವನ್ನೂ ಕ್ಯಾಮರಾವನ್ನೂ ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ತರುಣನು ಪರೀಕ್ಷಿಸಿ ನೋಡಿ, "ಸಾರ್, ಮಸೂರದಲ್ಲೂ ದೋಷವಿಲ್ಲ, ಕ್ಯಾಮರಾದಲ್ಲೂ ದೋಷವಿಲ್ಲ. ಇವೆರಡೂ ಒಂದಕ್ಕೊಂದು ಹೊಂದಿಲ್ಲ, ಅಷ್ಟೆ. ಇದನ್ನು ನೀವೇ ಮನೆಯಲ್ಲಿ ಹೊಂದಿಸಿಕೊಳ್ಳಬೇಕಾಗಿತ್ತು" ಎಂದನು. ಜಾತಕ ಕೂಡಿಬಾರದ ಗಂಡುಹೆಣ್ಣುಗಳ ವಿಷಯ ಹೇಳಿದಂತಿತ್ತು ಅವನ ಮಾತು. ಎರಡೂ ನಿರ್ದೋಷಿಗಳಾದರೆ ದೋಷ ಬಂದದ್ದೆಲ್ಲಿಂದ? ಈ ಪ್ರಶ್ನೆಯ ಬೆನ್ನುಹತ್ತಿ ನಾನು ಓದತೊಡಗಿದಾಗ ತಿಳಿದುಬಂದದ್ದೇನೆಂದರೆ, ನನ್ನ ಗೋಳು ಛಾಯಾಗ್ರಹಣದಷ್ಟೇ ಹಳೆಯದು.

1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ವಿಜ್ಞಾನ ಮತ್ತು ಲಲಿತಕಲಾ ಅಕಾಡೆಮಿಗಳ ಕೂಡುಸಭೆಯ ಮುಂದೆ ಡಾಗೆರ್‌ನ ವಿಧಾನವನ್ನು ಬಹಿರಂಗಪಡಿಸಿದರು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬೆಳಕೇ ಚಿತ್ರ ಬರೆಯುವ ಆ ಸೋಜಿಗ ಕೆಲವೇ ತಿಂಗಳುಗಳಲ್ಲಿ ಯೂರೋಪಿನ ನಗರಗಳನ್ನೆಲ್ಲ ಮುಟ್ಟಿತು. ಕೆಲಸದ ಕ್ರಮ ಸರಳವಾಗಿತ್ತು. ಕ್ಯಾಮರಾದ ಹಿಂಬದಿಯಲ್ಲಿ ಮಬ್ಬುಗಾಜೊಂದನ್ನು ಇಟ್ಟು, ಬಿಂಬ ಅದರ ಮೇಲೆ ಸ್ಪಷ್ಟವಾಗಿ ಮೂಡುವವರೆಗೆ ಹಿಂದುಮುಂದು ಜರುಗಿಸಿ, ಆಮೇಲೆ ಗಾಜನ್ನು ತೆಗೆದು ಅದೇ ಜಾಗದಲ್ಲಿ ತಗಡನ್ನು ಇಡುವುದು. ಕಣ್ಣು ಕಂಡದ್ದನ್ನೇ ತಗಡೂ ಕಾಣಬೇಕಲ್ಲವೆ? ಆದರೆ ಹಾಗಾಗಲಿಲ್ಲ. ಗಾಜಿನ ಮೇಲೆ ಸೂಜಿಮೊನೆಯಷ್ಟು ನಿಚ್ಚಳವಾಗಿದ್ದ ಬಿಂಬ ತಗಡಿನ ಮೇಲೆ ಮಸುಕಾಗಿ ಮೂಡಿತು. ಪರಿಣತರ ಚಿತ್ರಗಳೂ ಕೆಟ್ಟವು. ಆಗಲೂ ಯಾರೋ ಫ್ರೆಂಚ್ ಭಾಷೆಯಲ್ಲಿ ನಮ್ಮ ಗಾದೆಗೆ ಸಮನಾದ ಮಾತೊಂದನ್ನು ಆಡಿಯೇ ಇದ್ದಾರು!

ಕಾರಣ ಬೆಳಕಿನ ಸ್ವಭಾವದಲ್ಲಿತ್ತು. ಗಾಜಿನ ಮೂಲಕ ಹಾಯುವಾಗ ಬೇರೆ ಬೇರೆ ಬಣ್ಣದ ಕಿರಣಗಳು ಬೇರೆ ಬೇರೆಯಷ್ಟು ಬಾಗುತ್ತವೆ. ಆದುದರಿಂದ ಅವು ಕೂಡುವ ಬಿಂದುಗಳೂ ಬೇರೆಯಾಗುತ್ತವೆ. ನಮ್ಮ ಕಣ್ಣಿಗೆ ಹಳದಿ ಮತ್ತು ಹಸುರು ಬಣ್ಣಗಳೇ ಹೆಚ್ಚು ಉಜ್ವಲ. ಅಂದಿನ ತಗಡಿಗಾದರೋ ನೀಲಿ ನೇರಳೆಗಳಲ್ಲದೆ ಬೇರೆ ಬಣ್ಣಗಳ ಪರಿವೆಯೇ ಹೆಚ್ಚಾಗಿ ಇರಲಿಲ್ಲ. ಮಸೂರ ಮಾಡುವವರು ದೂರದರ್ಶಕದ ಪರಂಪರೆಯಿಂದ ಬಂದವರು. ನೋಡುವ ಕಣ್ಣಿಗಾಗಿ ಗಾಜು ತಿದ್ದಿದವರು. ತಗಡಿನ ಕಣ್ಣು ಬೇರೆಯೆಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಇಂಗ್ಲೆಂಡಿನ ಜಾನ್ ಟೌಸನ್ 1839ರಲ್ಲಿಯೇ ಈ ಅಂತರವನ್ನು ಗುರುತಿಸಿ ಬರೆದನು. ಕಣ್ಣಿನ ನಾಭಿ ಒಂದು, ರಾಸಾಯನಿಕ ನಾಭಿ ಮತ್ತೊಂದು ಎಂಬ ಮಾತು ಅಂದಿನಿಂದ ರೂಢಿಗೆ ಬಂತು. ಕಣ್ಣಿಗೆ ಸ್ಪಷ್ಟವಾದ ಮೇಲೆ ಇಂತಿಷ್ಟು ಜರುಗಿಸಬೇಕು ಎಂಬುದನ್ನು ಪ್ರತಿಯೊಬ್ಬನೂ ತನ್ನ ತನ್ನ ಮಸೂರಕ್ಕೆ ತಾನೇ ಕಂಡುಕೊಳ್ಳಬೇಕಾಯಿತು.

ಹೀಗೆ ಕಂಡುಕೊಳ್ಳುವುದಕ್ಕೊಂದು ಕ್ರಮವನ್ನು ಹಾಕಿಕೊಟ್ಟವರಲ್ಲಿ ಆಂಟ್ವಾನ್ ಕ್ಲೋಡೆ ಮುಖ್ಯನು. ಈತ ಲಿಯಾನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಫ್ರೆಂಚ್ ಗೃಹಸ್ಥ. 1841ರಲ್ಲಿ ಅಲ್ಲಿ ಭಾವಚಿತ್ರದ ಸ್ಟುಡಿಯೋ ತೆರೆದವನು. ತನ್ನ ಮುಂದೆ ಬಂದು ಕೂರುವ ಗಿರಾಕಿಯ ಮುಖ ಕೆಟ್ಟರೆ ಅವನಿಗೆ ಕೂಲಿ ಹುಟ್ಟುತ್ತಿರಲಿಲ್ಲ. ಆದುದರಿಂದ ಅವನ ಸಂಶೋಧನೆಗೆ ಹೊಟ್ಟೆಪಾಡಿನ ತುರ್ತೂ ಇತ್ತು. ಅವನು ಒಂದು ಅಚ್ಚಿನ ಸುತ್ತ ಬೀಸಣಿಗೆಯ ಪಟ್ಟಿಗಳಂತೆ ಹಲವು ತುಂಡುಗಳನ್ನು, ಒಂದರ ಹಿಂದೊಂದು ಸ್ವಲ್ಪ ಸ್ವಲ್ಪ ದೂರದಲ್ಲಿ, ಸುರುಳಿ ಮೆಟ್ಟಿಲಿನ ಹಾಗೆ ಜೋಡಿಸಿ ಒಂದೊಂದಕ್ಕೂ ಅಂಕೆ ಬರೆದನು. ನಡುವಿನ ತುಂಡಿಗೆ ಕಣ್ಣಿಟ್ಟು ಹೊಂದಿಸಿ ಚಿತ್ರ ತೆಗೆದರೆ, ತಗಡಿನ ಮೇಲೆ ಯಾವ ಅಂಕೆ ನಿಚ್ಚಳವಾಗಿ ಮೂಡಿತೋ ಅದೇ ಮಸೂರದ ತಪ್ಪಿನ ಅಳತೆ. ಈ ಸಾಧನಕ್ಕೆ ಅವನಿಟ್ಟ ಹೆಸರು ಫೋಸಿಮೀಟರ್. ಇಂದು ನಮ್ಮ ತರುಣರು ಓರೆಯಾಗಿ ನಿಲ್ಲಿಸಿದ ಅಳತೆಪಟ್ಟಿಯ ಚಿತ್ರ ತೆಗೆದು ಮಸೂರವನ್ನು ಪರೀಕ್ಷಿಸುತ್ತಾರಲ್ಲ, ಆ ಪಟ್ಟಿಯ ಮುತ್ತಜ್ಜ ಇದು.

ಇದನ್ನು ಓದಿದಾಗ ನನಗೆ ನಮ್ಮೂರಿನ ಸ್ಟುಡಿಯೋ ರಾಯರ ನೆನಪಾಯಿತು. ನಾನು ಹತ್ತು ವರ್ಷದ ಹುಡುಗನಾಗಿದ್ದಾಗಿನ ಮಾತು. ರಾಯರು ಎಲ್ಲಿಂದಲೋ ಒಂದು ಮಸೂರವನ್ನು ತರಿಸಿದ್ದರು. ಅದನ್ನು ಮರದ ಕ್ಯಾಮರಾಕ್ಕೆ ತೊಡಿಸಿ, ಅಂಗಳದ ಕಲ್ಲುಬೆಂಚಿನ ಮೇಲೆ ಬೆಂಕಿಪೊಟ್ಟಣಗಳನ್ನು ಓರೆಯಾಗಿ ಸಾಲುಗಟ್ಟಿ ನಿಲ್ಲಿಸಿ, ಕಪ್ಪುಬಟ್ಟೆಯೊಳಗೆ ತಲೆ ಹುದುಗಿಸಿ ನಡುವಿನ ಪೊಟ್ಟಣಕ್ಕೆ ಹೊಂದಿಸಿ ಒಂದು ಪ್ಲೇಟು ಖರ್ಚುಮಾಡಿದರು. ಬೆಂಕಿಪೊಟ್ಟಣದ ಫೋಟೋ ಯಾಕೆ ಎಂದು ನಾನು ನಕ್ಕಾಗ, "ಹೊಸ ಎತ್ತನ್ನು ಮೊದಲು ಬರಿಗಾಡಿಗೆ ಕಟ್ಟಿ ನೋಡಬೇಕು ಮಗೂ, ದಿಬ್ಬಣದ ಗಾಡಿಗಲ್ಲ" ಎಂದರು. ಕ್ಲೋಡೆಯ ಹೆಸರನ್ನು ಅವರು ಕೇಳಿದ್ದರೋ ಇಲ್ಲವೋ, ಕ್ಲೋಡೆಯ ಸುರುಳಿ ಮೆಟ್ಟಿಲನ್ನು ಅವರು ಅಂಗಳದಲ್ಲಿ ಕಟ್ಟಿದ್ದರು.

ಆದರೆ ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. ಕೊಳ್ಳುವವನು ಎಷ್ಟು ದಿನ ತಾನೇ ಈ ತಲೆನೋವನ್ನು ಹೊರುತ್ತಾನೆ? 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕಹಾಕಿ ರೂಪಿಸಿದ ಭಾವಚಿತ್ರದ ಮಸೂರ ಹಿಂದಿನವುಗಳಿಗಿಂತ ಹದಿನೈದು ಪಟ್ಟಿಗೂ ಮಿಗಿಲಾಗಿ ಬೆಳಕನ್ನು ಒಳಬಿಟ್ಟಿತು. ಇಲ್ಲೊಂದು ಸೂಕ್ಷ್ಮವಿದೆ. ಮಸೂರದ ಬಾಯಿ ಅಗಲವಾದಷ್ಟೂ ಬಿಂಬ ನಿಚ್ಚಳವಾಗಿರುವ ಪದರ ತೆಳುವಾಗುತ್ತದೆ. ಕಿರುಬಾಯಿಯ ಹಳೆಯ ಮಸೂರ ಮುಚ್ಚಿಹಾಕುತ್ತಿದ್ದ ತಪ್ಪನ್ನು ಅಗಲಬಾಯಿಯ ಹೊಸ ಮಸೂರ ಸಾರಿ ಹೇಳುತ್ತದೆ. ಗುಣ ಹೆಚ್ಚಿದಂತೆ ದೋಷವೂ ಕಣ್ಣಿಗೆ ಬೀಳುವುದು ಮಸೂರಗಳಿಗೂ ಮನುಷ್ಯರಿಗೂ ಸಮಾನವಾದ ಧರ್ಮವೆಂದು ತೋರುತ್ತದೆ. ಮಸೂರಗಾರರ ಮೇಲೆ ಒತ್ತಾಯ ಹೆಚ್ಚಿತು. ಲಂಡನ್ನಿನ ಆಂಡ್ರ್ಯೂ ರಾಸ್ ಎರಡು ನಾಭಿಗಳನ್ನೂ ಒಂದೇ ಜಾಗದಲ್ಲಿ ಕೂಡಿಸಿದ ಮಸೂರಗಳನ್ನು ಮಾಡಿದನು. 1851ರ ಲಂಡನ್ ಮಹಾಪ್ರದರ್ಶನದ ತೀರ್ಪುಗಾರರು ಈ ಗುಣವನ್ನೇ ಎತ್ತಿ ಹೇಳಿದರು. ಅವನ ಜಾಹೀರಾತುಗಳೂ ಅದನ್ನೇ ಸಾರಿದವು. ಹನ್ನೆರಡು ವರ್ಷಗಳ ಹಿಂದೆ ಯಾರೂ ಯೋಚಿಸಿರದ ಗುಣವೊಂದು ಈಗ ಅಂಗಡಿಯ ಹೆಮ್ಮೆಯಾಯಿತು. ಕ್ರಮೇಣ ಹೆಮ್ಮೆಯೂ ಹೋಗಿ, ಇರಲೇಬೇಕಾದ ಸಾಮಾನ್ಯ ಗುಣವಾಯಿತು. ಹೊಣೆಯು ಕೊಂಡವನ ಹೆಗಲಿನಿಂದ ಮಾಡಿದವನ ಹೆಗಲಿಗೆ ದಾಟಿದ ಮೊದಲ ಸಂದರ್ಭಗಳಲ್ಲಿ ಇದೊಂದು.

ಈ ದಾರಿಯ ತುತ್ತತುದಿಯನ್ನು ಮುಟ್ಟಿದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವನು ಮಾರಾಟಕ್ಕಿಟ್ಟ ಕೊಡಕ್ ಡಬ್ಬಿಯಲ್ಲಿ ಹೊಂದಿಸುವ ತಿರುಪೇ ಇರಲಿಲ್ಲ. ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗಾಗುವಷ್ಟು ಫಿಲ್ಮು. ಮುಗಿದ ಮೇಲೆ ಡಬ್ಬಿಯನ್ನೇ ರಾಚೆಸ್ಟರಿನ ಕಾರ್ಖಾನೆಗೆ ಕಳುಹಿಸಿದರೆ ಉಳಿದದ್ದೆಲ್ಲ ಅಲ್ಲಿ ಆಗುತ್ತಿತ್ತು. ಕಿರುಬಾಯಿಯ ಮಸೂರವನ್ನು ಒಂದೇ ಜಾಗದಲ್ಲಿ ಕೂರಿಸಿಬಿಟ್ಟಿದ್ದರಿಂದ ಕೆಲವು ಮಾರುಗಳಾಚೆ ಇರುವುದೆಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತಿತ್ತು. ತಪ್ಪುಮಾಡುವ ಅವಕಾಶವನ್ನೂ ಆರಿಸಿಕೊಳ್ಳುವ ಅವಕಾಶವನ್ನೂ ಅವನು ಒಟ್ಟಿಗೆ ಕಿತ್ತುಕೊಂಡನು. ಜನ ಸಂತೋಷದಿಂದಲೇ ಕೊಟ್ಟರು.

ಇನ್ನೊಂದು ದಾರಿಯಿತ್ತು, ಆ ಕಥೆ ಹೆಚ್ಚು ಸ್ವಾರಸ್ಯವಾದುದು. ಅದಕ್ಕೆ ಹಿನ್ನೆಲೆಯಾಗಿ ಒಂದು ಮಾತು. 1785ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಥಾಮಸ್ ಜೆಫರ್ಸನ್, ಬಂದೂಕು ಮಾಡುವ ಬ್ಲಾಂಕ್ ಎಂಬವನ ಕಮ್ಮಟಕ್ಕೆ ಹೋಗಿ, ಅಲ್ಲಿ ರಾಶಿಯಿಂದ ಕೈಗೆ ಸಿಕ್ಕ ಬಿಡಿಭಾಗಗಳನ್ನು ಎತ್ತಿ ಜೋಡಿಸಿ ನೋಡಿ, ಅವು ಸರಿಯಾಗಿ ಕೂಡಿಕೊಂಡದ್ದನ್ನು ಕಂಡು ಬೆರಗಾಗಿ ಊರಿಗೆ ಪತ್ರ ಬರೆದನು. ಅದುವರೆಗೆ ಪ್ರತಿಯೊಂದು ಬಂದೂಕೂ ಒಂದು ವ್ಯಕ್ತಿ. ಅದರ ಅಂಗ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಯಾವ ಭಾಗ ಯಾವುದಕ್ಕಾದರೂ ಹೊಂದಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದ ದೊಡ್ಡ ಕನಸುಗಳಲ್ಲಿ ಒಂದು. 1841ರಲ್ಲಿ ಜೋಸೆಫ್ ವಿಟ್ವರ್ತ್ ಇಂಗ್ಲೆಂಡಿನ ತಿರುಪುಗಳಿಗೆಲ್ಲ ಒಂದೇ ಅಳತೆಯ ಹಲ್ಲು ಇರಲಿ ಎಂದು ಸೂಚಿಸಿದ್ದೂ ಇದೇ ಕನಸಿನ ಒಂದು ತುಣುಕು.

ಮಸೂರಗಳ ಲೋಕಕ್ಕೆ ಈ ಕನಸು ತಡವಾಗಿ ಬಂತು. ಜರ್ಮನಿಯ ವೆಟ್ಸ್‌ಲಾರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಪುಟ್ಟ ಲೈಕಾ ಕ್ಯಾಮರಾ 1925ರಲ್ಲಿ ಲೈಪ್ಸಿಗ್ ಜಾತ್ರೆಯಲ್ಲಿ ಜನರ ಮುಂದೆ ಬಂತು. ಅದರ ಮಸೂರವನ್ನು ಬಿಚ್ಚುವಂತಿರಲಿಲ್ಲ. 1930ರಲ್ಲಿ ತಿರುಪಿ ತೆಗೆದು ಬೇರೊಂದನ್ನು ಹಾಕಬಹುದಾದ ಮಾದರಿ ಬಂತು. ಆದರೆ ಒಂದು ಷರತ್ತು: ಪ್ರತಿಯೊಂದು ಮಸೂರವನ್ನೂ ಕಾರ್ಖಾನೆಯಲ್ಲಿ ಒಂದು ನಿರ್ದಿಷ್ಟ ಕ್ಯಾಮರಾಕ್ಕೆ ಕೈಯಾರೆ ಹೊಂದಿಸಿ, ಆ ಕ್ಯಾಮರಾದ ಅಂಕೆಯ ಕೊನೆಯ ಮೂರು ಅಂಕಿಗಳನ್ನು ಮಸೂರದ ಮೇಲೆ ಕೊರೆಯುತ್ತಿದ್ದರು. ಆ ಮಸೂರ ಆ ಕ್ಯಾಮರಾಕ್ಕೆ ಮಾತ್ರ. ಬೇರೊಂದು ಮಸೂರ ಬೇಕೆಂದರೆ ಕ್ಯಾಮರಾವನ್ನು ಕಾರ್ಖಾನೆಗೆ ಕಳುಹಿಸಬೇಕು. ಇದು ಪಕ್ಕಾ ಏಕಪತ್ನೀವ್ರತ. ಮರುವರ್ಷ, ಎಂದರೆ 1931ರಲ್ಲಿ, ಆ ಕಾರ್ಖಾನೆ ದೊಡ್ಡದೊಂದು ನಿರ್ಧಾರ ಮಾಡಿತು. ಮಸೂರ ಬಂದು ಕೂರುವ ಉಂಗುರದಿಂದ ಫಿಲ್ಮಿನವರೆಗಿನ ದೂರ ಎಲ್ಲ ಕ್ಯಾಮರಾಗಳಲ್ಲಿಯೂ 28.8 ಮಿಲಿಮೀಟರ್ ಇರತಕ್ಕದ್ದು. ಎಲ್ಲ ಮಸೂರಗಳೂ ಆ ದೂರಕ್ಕೇ ಬಿಂಬ ಮೂಡಿಸತಕ್ಕದ್ದು. ಹೀಗೆ ಸಮಗೊಳಿಸಿದ ಕ್ಯಾಮರಾದ ಉಂಗುರದ ಮೇಲೆ ಒಂದು ಸಣ್ಣ ಸೊನ್ನೆಯನ್ನು ಕೊರೆದರು.

ಆ ಸೊನ್ನೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಂಟಾಗುತ್ತದೆ. ಮೂರು ಅಂಕಿಗಳು ಹೇಳುತ್ತಿದ್ದುದು, ಇದು ಅದಕ್ಕೆ ಸೇರಿದ್ದು ಎಂದು. ಸೊನ್ನೆ ಹೇಳಿದ್ದು, ಇದು ಯಾವುದಕ್ಕಾದರೂ ಸೇರೀತು ಎಂದು. ಅದೊಂದು ಮಾತುಕೊಟ್ಟ ಗುರುತು. ಕೊಂಡವನು ಏನನ್ನೂ ಅಳೆಯಬೇಕಾಗಿಲ್ಲ. ಅಳತೆಯ ಪಾಪಪುಣ್ಯವೆಲ್ಲ ನಮ್ಮದು ಎಂದು ಮಾಡಿದವನು ಒಪ್ಪಿಕೊಂಡ ಮುದ್ರೆ. ನಮ್ಮ ಸಂತೆಯ ತೂಕದ ಕಲ್ಲಿನ ಮೇಲೆ ಸರಕಾರ ಒತ್ತುವ ಮುದ್ರೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಬೆಲ್ಲ ಕೊಳ್ಳುವ ಮುದುಕಿ ತನ್ನ ಸೆರಗಿನಲ್ಲಿ ತಕ್ಕಡಿ ಕಟ್ಟಿಕೊಂಡು ಬರಬೇಕಾಗಿಲ್ಲ ಎಂಬುದೇ ಆ ಮುದ್ರೆಯ ಅರ್ಥ.

ಹಾಗಾದರೆ ಎಂಬತ್ತು ವರ್ಷಗಳ ತರುವಾಯ ನನ್ನ ಜಗುಲಿಯಲ್ಲಿ ಆದದ್ದೇನು? ಯಾವ ಅಳತೆಯೂ ಪರಿಪೂರ್ಣವಲ್ಲ. ಪ್ರತಿಯೊಂದಕ್ಕೂ ಇಷ್ಟು ಹೆಚ್ಚುಕಡಿಮೆ ಇರಬಹುದೆಂದು ಕಾರ್ಖಾನೆಯವರು ಒಂದು ಮೇರೆಯನ್ನು ಇಟ್ಟುಕೊಂಡಿರುತ್ತಾರೆ. ಮಸೂರ ಆ ಮೇರೆಯೊಳಗೆ ಕೂದಲೆಳೆಯಷ್ಟು ಹಿಂದಕ್ಕೆ ವಾಲಿರುತ್ತದೆ. ಕ್ಯಾಮರಾವೂ ತನ್ನ ಮೇರೆಯೊಳಗೆ ಕೂದಲೆಳೆಯಷ್ಟು ಹಿಂದಕ್ಕೆ ವಾಲಿರುತ್ತದೆ. ಒಂದು ಮುಂದಕ್ಕೂ ಒಂದು ಹಿಂದಕ್ಕೂ ವಾಲಿದರೆ ತಪ್ಪುಗಳು ಒಂದನ್ನೊಂದು ನುಂಗಿ ಚಿತ್ರ ಸೊಗಸಾಗುತ್ತದೆ. ಎರಡೂ ಒಂದೇ ಕಡೆ ವಾಲಿದರೆ ಕೂಡಿಕೊಳ್ಳುತ್ತವೆ. ನಾನು ಅಮ್ಮನಿಂದ ಸುಮಾರು ಒಂದೂವರೆ ಮೀಟರ್ ದೂರದಲ್ಲಿದ್ದೆ. ಆ ದೂರದಲ್ಲಿ ಅಂಥ ಅಗಲಬಾಯಿಯ ಮಸೂರಕ್ಕೆ ನಿಚ್ಚಳವಾಗಿ ಕಾಣುವ ಪದರ ಮೂರು ಸೆಂಟಿಮೀಟರಿನಷ್ಟು ಮಾತ್ರ. ಬಿಂಬ ಕಣ್ಣಿನಿಂದ ನಾಲ್ಕು ಸೆಂಟಿಮೀಟರ್ ಹಿಂದಕ್ಕೆ ಸರಿಯಬೇಕಾದರೆ ಕ್ಯಾಮರಾದೊಳಗೆ ಆಗಬೇಕಾದ ತಪ್ಪು ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲು. ತರುಣನ ಮಾತು ನಿಜ, ಇಬ್ಬರೂ ನಿರ್ದೋಷಿಗಳು. ಆದರೆ ಕೆಟ್ಟದ್ದು ಮಾತ್ರ ಕೆಟ್ಟೇ ಹೋಯಿತು.

ಇದಕ್ಕೆ ಇನ್ನೂ ಒಂದು ಕಾರಣ ಸೇರಿಕೊಂಡಿತ್ತು. 1985ರಲ್ಲಿ ಬಂದ ಮಿನೋಲ್ಟಾ 7000 ಕ್ಯಾಮರಾದ ತರುವಾಯ ಬಿಂಬವನ್ನು ಹೊಂದಿಸುವ ಕೆಲಸವನ್ನು ಯಂತ್ರವೇ ವಹಿಸಿಕೊಂಡಿತು. ಇಂಥ ಕ್ಯಾಮರಾಗಳಲ್ಲಿ ಮಸೂರದಿಂದ ಬಂದ ಬೆಳಕಿನ ಒಂದು ಪಾಲು ಮುಖ್ಯ ಕನ್ನಡಿಯನ್ನು ತೂರಿ, ಹಿಂದಿರುವ ಪುಟ್ಟ ಕನ್ನಡಿಯಿಂದ ತಿರುಗಿ, ಕ್ಯಾಮರಾದ ತಳದಲ್ಲಿ ಕುಳಿತ ಒಂದು ವಿದ್ಯುತ್ ಕಣ್ಣಿಗೆ ಬೀಳುತ್ತದೆ. ಮಸೂರದ ಎಡಬಲ ಭಾಗಗಳಿಂದ ಬಂದ ಎರಡು ಬಿಂಬಗಳ ನಡುವಣ ಅಂತರವನ್ನು ಅಳೆದು, ಇಷ್ಟು ತಿರುಗು ಎಂದು ಅದು ಮಸೂರಕ್ಕೆ ಆಜ್ಞೆ ಮಾಡುತ್ತದೆ. ಆದರೆ ಚಿತ್ರ ಮೂಡುವುದು ಹಿಂಬದಿಯಲ್ಲಿ, ಬೇರೆ ಕಡೆ. ತಳಕ್ಕೆ ಹೋಗುವ ದಾರಿಯೂ ಹಿಂಬದಿಗೆ ಹೋಗುವ ದಾರಿಯೂ ಅಳತೆಯಲ್ಲಿ ಸಮನಾಗಿದ್ದರೆ ಸರಿ; ಇಲ್ಲದಿದ್ದರೆ ತೀರ್ಪು ಕೊಡುವವನು ಕಂಡದ್ದೇ ಒಂದು, ಬರೆದುಕೊಳ್ಳುವವನು ಕಂಡದ್ದೇ ಒಂದು. 1839ರ ಕಥೆಯೇ ಮರಳಿ ಬಂತಲ್ಲವೆ? ಅಂದು ಕಣ್ಣು ಬೇರೆ, ತಗಡು ಬೇರೆಯಾಗಿತ್ತು. ನೋಡುವವನೂ ಬರೆಯುವವನೂ ಬೇರೆಯಾದ ಕಡೆಯಲ್ಲೆಲ್ಲ ಈ ಪ್ರಮಾದ ಬೀಡುಬಿಟ್ಟಿರುತ್ತದೆ.

ಫಿಲ್ಮಿನ ಕಾಲದಲ್ಲಿ ಅಂಗೈಯಗಲದ ಕಾಗದದ ಚಿತ್ರ ಇಂಥ ಸಣ್ಣ ತಪ್ಪುಗಳನ್ನು ತನ್ನ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿತ್ತು. ಡಿಜಿಟಲ್ ಕಾಲದಲ್ಲಿ ಪ್ರತಿಯೊಬ್ಬನೂ ಚಿತ್ರವನ್ನು ಗೋಡೆಯಷ್ಟು ಹಿಗ್ಗಿಸಿ ನೋಡತೊಡಗಿದಾಗ ದೂರುಗಳು ಎದ್ದವು. 2007ರಲ್ಲಿ ಕ್ಯಾನನ್ ಮತ್ತು ನಿಕಾನ್ ಕಂಪನಿಗಳು ತಮ್ಮ ಉನ್ನತ ದರ್ಜೆಯ ಕ್ಯಾಮರಾಗಳಲ್ಲಿ, ಒಂದೊಂದು ಮಸೂರಕ್ಕೂ ಇಷ್ಟಿಷ್ಟು ಹಿಂದೆಮುಂದೆ ಎಂದು ಬಳಸುವವನೇ ತಿದ್ದಿಕೊಳ್ಳುವ ಸೌಲಭ್ಯವನ್ನು ಕೊಟ್ಟವು. 2013ರಲ್ಲಿ ಸಿಗ್ಮಾ ಕಂಪನಿ ಮಸೂರವನ್ನು ಕಂಪ್ಯೂಟರಿಗೆ ಜೋಡಿಸಿ ಮನೆಯಲ್ಲಿಯೇ ತಿದ್ದುವ ಸಾಧನವನ್ನು ಮಾರಿತು. ಕೆಲವರು ಇದನ್ನು ಸ್ವಾತಂತ್ರ್ಯವೆಂದು ಹೊಗಳಿದರು; ಕೆಲವರು, ಕಾರ್ಖಾನೆಯ ಕೆಲಸವನ್ನು ಗಿರಾಕಿಯ ತಲೆಗೆ ಕಟ್ಟಿದರು ಎಂದು ತೆಗಳಿದರು. ಮುದ್ರೆಯೊತ್ತಿದ ಕಲ್ಲಿನ ಜೊತೆಗೆ ಒಂದು ಅರವನ್ನೂ ಕೊಟ್ಟು, ಹೆಚ್ಚುಕಡಿಮೆಯಿದ್ದರೆ ನೀವೇ ಉಜ್ಜಿಕೊಳ್ಳಿ ಎಂದಂತೆ ಅಲ್ಲವೆ ಇದು ಎಂಬುದು ಇವರ ವಾದ.

ವಾದವನ್ನು ತೀರ್ಮಾನಿಸುವ ಮೊದಲು, ತಿದ್ದಿಕೊಳ್ಳಲು ಅವಕಾಶವೇ ಇಲ್ಲದ ಒಂದು ಕಣ್ಣಿನ ಕಥೆಯನ್ನು ಹೇಳಬೇಕು. 1990ರ ಏಪ್ರಿಲಿನಲ್ಲಿ ಹಬಲ್ ದೂರದರ್ಶಕವನ್ನು ಭೂಮಿಯಿಂದ ಸುಮಾರು 600 ಕಿಲೋಮೀಟರ್ ಮೇಲೆ ಬಿಟ್ಟುಬಂದರು. ವೆಚ್ಚ ಸುಮಾರು 150 ಕೋಟಿ ಡಾಲರ್. ಅದರ ಮುಖ್ಯ ಕನ್ನಡಿಯ ಅಗಲ 2.4 ಮೀಟರ್. ಆದರೆ ಮೊದಲ ಚಿತ್ರಗಳಲ್ಲಿ ನಕ್ಷತ್ರಗಳ ಸುತ್ತ ಮಸುಕು ಪ್ರಭೆ. ಎಷ್ಟು ತಿರುಗಿಸಿದರೂ ಬಿಂಬ ಒಂದು ಕಡೆ ಕೂಡಲಿಲ್ಲ. ಜೂನ್ ತಿಂಗಳಲ್ಲಿ ತಪ್ಪನ್ನು ಜಗತ್ತಿನ ಮುಂದೆ ಒಪ್ಪಿಕೊಳ್ಳಬೇಕಾಯಿತು: ಕನ್ನಡಿಯ ಅಂಚು ಇರಬೇಕಾದುದಕ್ಕಿಂತ 2.2 ಮೈಕ್ರಾನಿನಷ್ಟು, ಎಂದರೆ ಕೂದಲೆಳೆಯ ಐವತ್ತನೆಯ ಒಂದು ಪಾಲಿನಷ್ಟು, ಹೆಚ್ಚು ಚಪ್ಪಟೆಯಾಗಿತ್ತು. ಕನ್ನಡಿಯನ್ನು ಉಜ್ಜಿದವರು ಅಸಡ್ಡೆಯವರಲ್ಲ. ಅವರಷ್ಟು ನಯವಾಗಿ ಉಜ್ಜಿದವರೇ ವಿರಳ. ಕೆಟ್ಟಿದ್ದುದು ಅಳೆಯುವ ಸಾಧನ. ಅದರೊಳಗಿನ ಒಂದು ಮಸೂರ 1.3 ಮಿಲಿಮೀಟರ್ ಆಚೆ ಕುಳಿತಿತ್ತು. ಅಳತೆಯ ಕಡ್ಡಿಯ ತುದಿಯ ಮೇಲೆ ಬೀಳಬೇಕಾಗಿದ್ದ ಬೆಳಕಿನ ಕಿರಣ, ಕಡ್ಡಿಗೆ ತೊಡಿಸಿದ್ದ ಮುಚ್ಚಳದ ಬಣ್ಣ ಚಕ್ಕೆಯೆದ್ದಿದ್ದ ಜಾಗದಿಂದ ಹಿಂದಿರುಗಿತ್ತು. ಅದನ್ನೇ ತುದಿಯೆಂದು ನಂಬಿದರು. ಮಸೂರವು ಅದರ ಜಾಗಕ್ಕೆ ಕೂರದೆ ಹೋದಾಗ ಸಂದಿಗೆ ವಾಷರುಗಳನ್ನು ಇಟ್ಟು ಕೂರಿಸಿದರು. ಇನ್ನೂ ಸೋಜಿಗವೆಂದರೆ, ಬೇರೆ ಎರಡು ಸರಳ ಸಾಧನಗಳು ಕನ್ನಡಿ ತಪ್ಪಿದೆ ಎಂದು ಹೇಳಿದ್ದವು. ಶ್ರೇಷ್ಠವಾದುದೆಂದು ಹೆಸರಾದ ಸಾಧನ ಸರಿಯೆನ್ನುತ್ತಿರುವಾಗ ಈ ಒರಟು ಸಾಧನಗಳ ಮಾತೇನು ಎಂದು ಅವನ್ನು ಬದಿಗೊತ್ತಿದರು. ಲ್ಯೂ ಆಲೆನ್ ಅವರ ಅಧ್ಯಕ್ಷತೆಯ ಸಮಿತಿ ಇದನ್ನೆಲ್ಲ ವಿಚಾರಣೆ ಮಾಡಿ ಅದೇ ವರ್ಷ ವರದಿ ಕೊಟ್ಟಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಆ ತಪ್ಪಿಗೆ ಸರಿಯಾಗಿ ವಿರುದ್ಧವಾದ ತಿದ್ದುಪಡಿಯನ್ನು ತೊಡಿಸಿ ಬಂದರು. ಮುಪ್ಪಿನ ಕಣ್ಣಿಗೆ ಕನ್ನಡಕ ಹಾಕಿದ ಹಾಗೆ.

ಈ ಪ್ರಸಂಗದಿಂದ ನಾನು ಕಲಿತ ಪಾಠವೆಂದರೆ, ಮುದ್ರೆಯೊತ್ತುವವನ ಮುದ್ರೆಯನ್ನೂ ಪರೀಕ್ಷಿಸಬೇಕು ಎಂಬುದು. ಸಂತೆಯ ತೂಕದ ಕಲ್ಲನ್ನು ಕೂಡ ಒಮ್ಮೆ ಮುದ್ರೆ ಬಿತ್ತೆಂದು ಹಾಗೆಯೇ ಬಿಡುವುದಿಲ್ಲ. ನಿಯತಕಾಲಕ್ಕೊಮ್ಮೆ ಒಯ್ದು ಮರಳಿ ತೂಗಿಸಬೇಕೆಂದು ಕಾನೂನಿದೆ. ಕಲ್ಲು ಸವೆಯುತ್ತದೆ ಎಂಬ ವಿನಯ ಆ ಕಾನೂನಿನಲ್ಲಿದೆ.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಕೇಳೋಣ. ವೀಣೆ ಮಾಡುವವನು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ ಕೊಡುತ್ತಾನೆ. ಕಾಲ ಕಳೆದಂತೆ ಮೇಣ ಸರಿಯುತ್ತದೆ, ಸ್ವರ ಜಾರುತ್ತದೆ, ಮರಳಿ ಕೂರಿಸಬೇಕಾಗುತ್ತದೆ. ತಂಬೂರಿಯ ತಂತಿಯಡಿಯ ಜೀವಾಳದ ಎಳೆಯನ್ನು ಪ್ರತಿದಿನವೂ ಸರಿಸಿ ನಾದವನ್ನು ಹುಡುಕಿಕೊಳ್ಳಬೇಕು. ಯಾವ ವೈಣಿಕನೂ ಇದನ್ನು ಕುಶಲಕರ್ಮಿಯ ಮೋಸವೆಂದು ದೂರಿದ್ದಿಲ್ಲ. ಶ್ರುತಿ ಮಾಡಿಕೊಳ್ಳುವುದು ಸಂಗೀತದ ಮೊದಲ ಪಾಠ. ಹಾಗಿರುವಾಗ ಛಾಯಾಗ್ರಾಹಕನು ತನ್ನ ಮಸೂರವನ್ನು ಶ್ರುತಿಗೂಡಿಸಿಕೊಂಡರೆ ತಪ್ಪೇನು?

ತಪ್ಪಿಲ್ಲ, ಆದರೆ ಒಂದು ಭೇದವಿದೆ. ವೈಣಿಕನಿಗೆ ಅಪಶ್ರುತಿ ಆ ಕ್ಷಣದಲ್ಲಿಯೇ ಕೇಳುತ್ತದೆ. ಕೇಳುವ ಕಿವಿಯೂ ತಿದ್ದುವ ಬೆರಳೂ ಅವನವೇ. ನನ್ನ ಕ್ಯಾಮರಾ ತಪ್ಪುಮಾಡುತ್ತ, ಸರಿಯಾಗಿದೆ ಎಂಬ ಸದ್ದನ್ನೇ ಮಾಡಿತು. ತಪ್ಪು ತಿಳಿಯುವ ವೇಳೆಗೆ ಗಳಿಗೆ ಕಳೆದಿತ್ತು. ಬಳಸುವವನಿಗೆ ಗೋಚರವಾಗದ ತಪ್ಪನ್ನು ಬಳಸುವವನೇ ತಿದ್ದಿಕೊಳ್ಳಬೇಕೆನ್ನುವುದು ನ್ಯಾಯವಲ್ಲ. ಎಲ್ಲಿ ಬಿಂಬ ನಿಲ್ಲಬೇಕು, ಕಣ್ಣಿನಲ್ಲೋ ಕೈಯ ಸುಕ್ಕಿನಲ್ಲೋ ಎಂಬ ಆಯ್ಕೆ ನನ್ನದು. ನಾನು ಆರಿಸಿದ ಜಾಗದಲ್ಲಿ ಬಿಂಬ ನಿಲ್ಲುವಂತೆ ಮಾಡುವ ಹೊಣೆ ಮಾಡಿದವನದು. ಇನ್ನು ಕಾಲಕ್ರಮದಲ್ಲಿ ಸವೆದು, ಜಾರಿ, ಪೆಟ್ಟುತಿಂದು ಶ್ರುತಿ ತಪ್ಪಿದಾಗ ತಿದ್ದಿಕೊಳ್ಳಲು ಒಂದು ತಿರುಪನ್ನು ಬಿಟ್ಟುಕೊಡುವುದೂ ಮಾಡಿದವನ ಧರ್ಮವೇ. ತಿರುಪು ಇರಲಿ; ಅದು ಮೊದಲ ದಿನವೇ ಬೇಕಾಗದಿರಲಿ. ಮೊದಲ ದಿನವೇ ಬೇಕಾಗುವುದಾದರೆ ಅದನ್ನು ಅಂಗಡಿಯಲ್ಲಿಯೇ ಹೇಳಲಿ.

ಹಬಲ್‌ನ ಪಾಠ ವ್ಯರ್ಥವಾಗಲಿಲ್ಲ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ 6.5 ಮೀಟರ್ ಅಗಲದ ಕನ್ನಡಿ ಹದಿನೆಂಟು ತುಂಡುಗಳದು. ಅದು ನೆಲೆಸಿರುವುದು ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಯಾವ ಮೆಕ್ಯಾನಿಕನೂ ಹೋಗಲಾರ. ಆದುದರಿಂದ ಪ್ರತಿಯೊಂದು ತುಂಡಿನ ಹಿಂದೆಯೂ ಅದನ್ನು ಅಲುಗಿಸಬಲ್ಲ ಪುಟ್ಟ ಯಂತ್ರಗಳನ್ನು ಇಟ್ಟೇ ಕಳುಹಿಸಿದರು. ಮೊದಲು ಒಂದೇ ನಕ್ಷತ್ರ ಹದಿನೆಂಟಾಗಿ ಕಂಡಿತು. ಭೂಮಿಯಲ್ಲಿ ಕುಳಿತವರು ವಾರಗಟ್ಟಲೆ ತಾಳ್ಮೆಯಿಂದ ತಿದ್ದಿ ತಿದ್ದಿ ಅವನ್ನು ಒಂದಾಗಿಸಿದರು. ಸಾಮಾನ್ಯ ಕ್ಯಾಮರಾಗಳಲ್ಲಿಯೂ 2008ರಿಂದೀಚೆಗೆ ಕನ್ನಡಿಯೇ ಇಲ್ಲದ ಮಾದರಿಗಳು ಬಂದು, ಚಿತ್ರ ಮೂಡುವ ಫಲಕವೇ ಬಿಂಬದ ಸ್ಪಷ್ಟತೆಯನ್ನೂ ಅಳೆಯತೊಡಗಿತು. ನೋಡುವವನೂ ಬರೆಯುವವನೂ ಒಬ್ಬನೇ ಆದುದರಿಂದ ಹಳೆಯ ಜಗಳಕ್ಕೆ ಕಾರಣ ಬಹುಮಟ್ಟಿಗೆ ತಪ್ಪಿತು.

ರಿಪೇರಿ ಅಂಗಡಿಯಿಂದ ಮನೆಗೆ ಬಂದ ಸಂಜೆ ನಾನು ಜಗುಲಿಯ ಮೇಲೆ ಬೆಂಕಿಪೊಟ್ಟಣಗಳನ್ನು ಓರೆಯಾಗಿ ಸಾಲುಗಟ್ಟಿ ನಿಲ್ಲಿಸಿದೆ. ನಡುವಿನದಕ್ಕೆ ಗುರಿಯಿಟ್ಟು ತೆಗೆದಾಗ ಅದರ ಹಿಂದಿನ ಪೊಟ್ಟಣ ನಿಚ್ಚಳವಾಗಿ ಬಂತು. ನಾಲ್ಕು ಸಲ ತಿದ್ದಿದ ಮೇಲೆ ನಡುವಿನದೇ ನಿಚ್ಚಳವಾಯಿತು. ಅರ್ಧಗಂಟೆಯ ಕೆಲಸ. ಈ ಅರ್ಧಗಂಟೆಯನ್ನು ಆ ದಿನಕ್ಕೆ ಮೊದಲೇ ಯಾರಾದರೂ ಖರ್ಚುಮಾಡಿದ್ದರೆ, ಅದು ಕಾರ್ಖಾನೆಯವರಾಗಲಿ, ಮಾರಿದವರಾಗಲಿ, ಸ್ಟುಡಿಯೋ ರಾಯರ ಮಾತನ್ನು ಮರೆತ ನಾನೇ ಆಗಲಿ, ಅಮ್ಮನ ಕಣ್ಣು ನನ್ನ ಹತ್ತಿರ ಇರುತ್ತಿತ್ತು. ಆ ಚಿತ್ರವನ್ನು ನಾನು ಎಸೆದಿಲ್ಲ. ಅದರಲ್ಲಿ ಓಲೆಯೂ ನರೆಗೂದಲೂ ಬಹಳ ಚೆನ್ನಾಗಿ ಬಂದಿವೆ.